ಕಸಬಿನ ಶಾಲೆಯ ಇಂಗ್ಲಿಷು

ಮಂಗಳೂರಿನಿಂದ ಉಡುಪಿಯ ಮಾರ್ಗವನ್ನು ಹಿಡಿದು ಉತ್ತರಾಭಿಮುಖವಾಗಿ ಹೋಗುವವರಿಗೆ ಪಣಂಬೂರನ್ನು ದಾಟಿದೊಡನೆಯೇ ಬೈಕಂಪಾಡಿಯು ದೊರೆಯುತ್ತದೆ. ಪಡುವಣ ಬದಿಯಲ್ಲಿ ಕಡಲು, ಮೊಗವೀರರ ಮನೆಗಳು. ಮೂಡಣ ಬದಿಯಲ್ಲಿ ಕಾರ್ಖಾನೆಗಳ ಸಾಲು. ನವಮಂಗಳೂರು ಬಂದರು 1974ನೆಯ ಇಸವಿಯ ಮೇ 4ರಂದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿಸಲ್ಪಟ್ಟ ಬಳಿಕ, ಗದ್ದೆಯೂ ತೆಂಗಿನ ತೋಟವೂ ಆಗಿದ್ದ ಈ ಸೀಮೆಯಲ್ಲಿ ರಸಗೊಬ್ಬರ, ಕಬ್ಬಿಣದ ಅದಿರು, ಕಲ್ಲೆಣ್ಣೆ ಇವುಗಳ ದೊಡ್ಡ ದೊಡ್ಡ ಸ್ಥಾವರಗಳೂ, ಅವುಗಳ ನೆರಳಿನಲ್ಲಿ ಸಣ್ಣ ಕೈಗಾರಿಕೆಗಳೂ ನೆಲೆಗೊಂಡವು. ಬಂದರಿಗಾಗಿ ನೆಲವನ್ನು ಬಿಟ್ಟುಕೊಟ್ಟು ಕಾಟಿಪಳ್ಳದ ಕಡೆಗೆ ಒಕ್ಕಲೆದ್ದು ಹೋದ ಕುಟುಂಬಗಳ ಮೊಮ್ಮಕ್ಕಳು ಇಂದು ಇದೇ ಕಾರ್ಖಾನೆಗಳಲ್ಲಿ ಫಿಟ್ಟರು, ವೆಲ್ಡರು, ಇಲೆಕ್ಟ್ರಿಶಿಯನ್ ಎನ್ನಿಸಿಕೊಂಡು ಅನ್ನ ಸಂಪಾದಿಸಬೇಕೆಂದು ಬಯಸುವುದು ಸಹಜವೇ ಸರಿ. ಅಜ್ಜನಿಗೆ ಅಕ್ಷರದ ಹಂಗಿಲ್ಲದೆಯೂ ಬದುಕು ಸಾಗಿತು. ಮೊಮ್ಮಗನಿಗೆ ಕೈಚಳಕವೊಂದೇ ಸಾಲದು. ಯಂತ್ರದ ಮೈಮೇಲೆ ಬರೆದಿರುವುದನ್ನು ಓದಲೂ ಬೇಕು. ಆ ಬರಹವಾದರೋ ಬಹುಮಟ್ಟಿಗೆ ಇಂಗ್ಲಿಷು.

ಇಂಥ ಹುಡುಗರಿಗಾಗಿ ಕಸಬಿನ ಶಾಲೆಗಳುಂಟು. ಕುಶಲಕರ್ಮಿಗಳ ತರಬೇತಿಗೆಂದು ಭಾರತ ಸರಕಾರವು 1950ರಲ್ಲಿ ಆರಂಭಿಸಿದ ಯೋಜನೆಯ ಫಲವಾದ ಐ.ಟಿ.ಐ.ಗಳು ಎಲ್ಲರಿಗೂ ಪರಿಚಿತವಾದವು. ಈಚೆಗೆ ಹಲವು ಪ್ರೌಢಶಾಲೆಗಳಲ್ಲಿಯೂ ಒಂಬತ್ತನೆಯ ತರಗತಿಯಿಂದ ಕಸಬಿನ ವಿಷಯವೊಂದನ್ನು ಕಲಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅದರ ಪರಿಚಯವು ಆರನೆಯ ತರಗತಿಯಿಂದಲೇ ಆಗಬೇಕೆನ್ನುತ್ತದೆ. ಎಲ್ಲಿ ವಿಚಾರಿಸಿದರೂ ಉಪಾಧ್ಯಾಯರ ದೂರು ಒಂದೇ: ಹುಡುಗನ ಕೈ ಚುರುಕು, ಇಂಗ್ಲಿಷು ಮಾತ್ರ ತಲೆಗೆ ಹತ್ತದು. ಮನೆಯಲ್ಲಿ ತಾಯ್ತಂದೆಗಳೂ ಇದನ್ನೇ ನಂಬಿ, ಓದು ಬಾರದವನಾದುದರಿಂದಲೇ ಕಸಬಿಗೆ ಹಾಕಿದೆವೆಂದು ಮಗನೆದುರಿನಲ್ಲಿಯೇ ಹೇಳಿಬಿಡುತ್ತಾರೆ. ನಮ್ಮ ಮತದಲ್ಲಿ ಈ ಮಾತು ಅನ್ಯಾಯವಾದುದು. ಇಂಗ್ಲಿಷು ಹತ್ತದಿರುವುದು ತಲೆಯ ದೋಷವಲ್ಲ. ತಲೆಯೊಳಗಿನ ಮಿದುಳು ಯಾವ ರೀತಿಯಿಂದ ಕಲಿಯುತ್ತದೆಂಬುದನ್ನು ವಿಚಾರಿಸದೆ ಕಲಿಸಿದುದರ ಪರಿಣಾಮ.

ಸಂಸ್ಕೃತದ ಪಾಠ ಹೇಳಿ ಪಿಂಚಣಿ ಪಡೆದವರಿಗೆ ಇಂಗ್ಲಿಷಿನ ಗೊಡವೆಯೇಕೆಂದು ವಾಚಕರಲ್ಲಿ ಕೆಲವರು ನಗಬಹುದು. ರಾಮಶಬ್ದದ ವಿಭಕ್ತಿರೂಪಗಳನ್ನು ಮಕ್ಕಳ ಬಾಯಿಗೆ ತರಿಸಲು ಪಾಡುಪಟ್ಟವರಿಗೆ ಪರಭಾಷೆಯು ನೆನಪಿನಲ್ಲಿ ನಿಲ್ಲುವ ಕಷ್ಟವೂ ಅದರ ಉಪಾಯವೂ ಅಷ್ಟಿಷ್ಟು ತಿಳಿದಿರುತ್ತದೆಂಬುದೇ ನಮ್ಮ ಉತ್ತರ.

ಮೊದಲು ಒಂದು ಶಬ್ದವನ್ನು ನೋಡೋಣ. ಈ ಹೆದ್ದಾರಿಯಲ್ಲಿ ಹಗಲಿರುಳೂ ಓಡಾಡುವ ಎಣ್ಣೆಯ ಟ್ಯಾಂಕರುಗಳ ಬೆನ್ನಿನ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಕೆಲವು ಪೀಪಾಯಿಗಳ ಮೇಲೆ ಕೇವಲ ‘ಫ್ಲೇಮಬಲ್’ ಎಂದಿರುತ್ತದೆ. ನಮ್ಮ ಹುಡುಗನಿಗೆ ವ್ಯಾಕರಣದ ಪಾಠದಲ್ಲಿ ‘ಇನ್’ ಎಂಬುದು ನಿಷೇಧಾರ್ಥಕ ಪ್ರತ್ಯಯವೆಂದು ಕಲಿಸಿದ್ದಾರೆ. ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ತಪ್ಪು. ಆ ಸೂತ್ರವನ್ನು ನಿಷ್ಠೆಯಿಂದ ಅನ್ವಯಿಸಿದವನು ಟ್ಯಾಂಕರಿನೊಳಗಿರುವುದು ಉರಿಯದ ಪದಾರ್ಥವೆಂದು ತಿಳಿಯಬೇಕಾಗುತ್ತದೆ. ನಿಜವಾಗಿ ಎರಡು ಶಬ್ದಗಳಿಗೂ ಅರ್ಥವೊಂದೇ, ಬೇಗನೆ ಹೊತ್ತಿಕೊಳ್ಳುವಂಥದೆಂದು. ಇಲ್ಲಿಯ ‘ಇನ್’ ನಿಷೇಧದ್ದಲ್ಲ. ಲ್ಯಾಟಿನ್ ಭಾಷೆಯಿಂದ ಬಂದ, ‘ಒಳಗೆ’ ಎಂಬರ್ಥದ ಬೇರೊಂದು ಉಪಸರ್ಗ. ಅಗ್ನಿಯೆಂಬ ಶಬ್ದದ ಮೊದಲಲ್ಲಿ ಅಕಾರವಿರುವುದರಿಂದ ಅದು ನಞ್ ಸಮಾಸವೆಂದು ಬಗೆದವನು ಬೆಂಕಿಯನ್ನು ಮುಟ್ಟಿಯೇ ವ್ಯಾಕರಣ ಕಲಿಯಬೇಕಾದೀತು! ಇದು ನಮ್ಮ ಹುಡುಗರಿಗೆ ಮಾತ್ರ ಬಂದ ತೊಡಕಲ್ಲ. ಇಂಗ್ಲಿಷೇ ಮಾತೃಭಾಷೆಯಾದ ಅಮೆರಿಕೆಯಲ್ಲಿ ಕೂಡ ಈ ಭ್ರಾಂತಿಗೆ ಹೆದರಿ, ಅಗ್ನಿಯಿಂದ ಸಂರಕ್ಷಣೆಗಾಗಿ ಇರುವ ಅಲ್ಲಿನ ಸಂಘವು 1920ರ ದಶಕದಲ್ಲಿಯೇ ‘ಇನ್’ ಎಂಬುದನ್ನು ಕಳೆದ ರೂಪವನ್ನು ಬಳಸಿರೆಂದು ಒತ್ತಾಯಿಸಿತು.

ಇನ್ನೆರಡು ಉದಾಹರಣೆಗಳು. ‘ನಾನು ಕುಳಾಯಿಯಲ್ಲಿ ವಾಸಿಸುತ್ತೇನೆ’ ಎಂಬ ವಾಕ್ಯದಲ್ಲಿ ಹುಡುಗನು ‘ಲಿವ್’ ಎಂಬ ಕ್ರಿಯಾಪದವನ್ನು ಕಲಿತಿದ್ದಾನೆ. ಅದೇ ನಾಲ್ಕು ಅಕ್ಷರಗಳು ವಿದ್ಯುತ್ತಿನ ಪೆಟ್ಟಿಗೆಯ ಮೇಲೆ ಬಂದಾಗ ಉಚ್ಚಾರವು ‘ಲೈವ್’ ಎಂದು ಬದಲಾಗಿ, ತಂತಿಯಲ್ಲಿ ಕರೆಂಟು ಹರಿಯುತ್ತಿದೆ, ಮುಟ್ಟಬೇಡ ಎಂಬ ಅರ್ಥವಾಗುತ್ತದೆ. ಇನ್ನು ‘ಓಪನ್’, ‘ಕ್ಲೋಸ್’ ಎಂಬ ಜೋಡಿ. ನೀರಿನ ಕೊಳಾಯಿಯ ವಾಲ್ವನ್ನು ‘ಓಪನ್’ ಮಾಡಿದರೆ ನೀರು ಹರಿಯುತ್ತದೆ. ವಿದ್ಯುತ್ತಿನ ಮಂಡಲವು ‘ಓಪನ್’ ಆದರೆ ಪ್ರವಾಹವು ನಿಂತುಹೋಗುತ್ತದೆ. ಪ್ಲಂಬರನ ಮಗನು ಇಲೆಕ್ಟ್ರಿಶಿಯನ್ ಆಗಲು ಹೊರಟರೆ ಮನೆಯಲ್ಲಿ ಕಲಿತ ಅರ್ಥವು ಶಾಲೆಯಲ್ಲಿ ತಲೆಕೆಳಗಾಗುವುದು. ಪಠ್ಯಪುಸ್ತಕದ ಕೊನೆಯ ಶಬ್ದಾರ್ಥಗಳ ಪಟ್ಟಿಯಿಂದ ಇದು ತಿಳಿಯುವುದುಂಟೆ? ಸ್ವಿಚ್ಚಿನ ಮುಂದೆ ನಿಂತು, ಕೈಯಿಂದ ಅದನ್ನು ತೆರೆದು ಮುಚ್ಚಿ, ದೀಪವು ಆರಿ ಹೊತ್ತುವುದನ್ನು ಕಂಡವನಿಗೆ ಮಾತ್ರ ತಿಳಿಯುವುದು.

ಇಲ್ಲಿಯೇ ಮಿದುಳಿನ ಶಾಸ್ತ್ರವು ನಮ್ಮ ನೆರವಿಗೆ ಬರುತ್ತದೆ. 1953ರಲ್ಲಿ ಅಮೆರಿಕೆಯ ಹೆನ್ರಿ ಮೊಲೆಸನ್ ಎಂಬ ತರುಣನಿಗೆ, ಅಪಸ್ಮಾರದ ಉಪಶಮನಕ್ಕಾಗಿ ಮಿದುಳಿನ ಎರಡು ಪಾರ್ಶ್ವಗಳಿಂದಲೂ ‘ಹಿಪ್ಪೊಕ್ಯಾಂಪಸ್’ ಎಂಬ ಭಾಗದ ಬಹ್ವಂಶವನ್ನು ಶಸ್ತ್ರದಿಂದ ತೆಗೆದರು. ಅಂದಿನಿಂದ 2008ರಲ್ಲಿ ಮರಣ ಹೊಂದುವವರೆಗೂ ಹೊಸ ಸಂಗತಿಗಳು ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಆತನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರಾಕೃತಿಯ ಗೆರೆಯನ್ನು ತಿದ್ದುವ ಕೆಲಸ ಕೊಟ್ಟಳು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು; ಹಿಂದೆ ಅದನ್ನು ಮಾಡಿದ್ದೆನೆಂಬ ನೆನಪು ಮಾತ್ರ ಅವನಿಗಿರಲಿಲ್ಲ. ಕೈಯ ನೆನಪು ಬೇರೆ, ಸಂಗತಿಗಳ ಮತ್ತು ಶಬ್ದಗಳ ನೆನಪು ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು. ಲೇತಿನ ಮುಂದೆ ಜಾಣನಾದ ಹುಡುಗನು ಶಬ್ದಾರ್ಥ ಹೇಳುವಾಗ ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ. ಒಂದು ಬಗೆಯ ನೆನಪಿಗೆ ಅವನು ನಿತ್ಯವೂ ಸಾಧನೆ ಮಾಡುತ್ತಿದ್ದಾನೆ, ಇನ್ನೊಂದಕ್ಕೆ ಇಲ್ಲ.

ಎರಡೂ ಬೇರೆಯಾದರೂ ಒಂದಕ್ಕೊಂದು ನಂಟಿಲ್ಲವೆಂದು ತಿಳಿಯತಕ್ಕದ್ದಲ್ಲ. ಕೇಂಬ್ರಿಜಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಗೆ ನೆಕ್ಕು, ಹೆಕ್ಕು, ಒದೆ ಎಂಬರ್ಥದ ಇಂಗ್ಲಿಷು ಕ್ರಿಯಾಪದಗಳನ್ನು ಸುಮ್ಮನೆ ಓದಲು ಕೊಟ್ಟು ಮಿದುಳಿನ ಚಿತ್ರವನ್ನು ತೆಗೆದರು. ಓದುತ್ತಿದ್ದವರು ಅಲುಗಾಡದಿದ್ದರೂ, ಬಾಯಿ, ಕೈ, ಕಾಲುಗಳನ್ನು ಆಡಿಸುವ ಕೇಂದ್ರಗಳಲ್ಲಿ, ಇಲ್ಲವೆ ಅವುಗಳ ಮಗ್ಗುಲಲ್ಲಿ, ಆಯಾ ಶಬ್ದಕ್ಕೆ ತಕ್ಕಂತೆ ಚಟುವಟಿಕೆಯು ಕಂಡುಬಂದಿತು. ಶಬ್ದದ ಅರ್ಥವು ಎಷ್ಟು ಪಾಲು ಅಲ್ಲಿ ನೆಲಸಿರುತ್ತದೆಂಬ ವಿಷಯದಲ್ಲಿ ಪಂಡಿತರೊಳಗೆ ವಾದವಿದೆ. ಆ ವಾದವನ್ನು ಅವರಿಗೇ ಬಿಡೋಣ. ಬಿಗಿ, ಸಡಿಲಿಸು, ಎತ್ತು, ಉಜ್ಜು ಎಂಬರ್ಥದ ಇಂಗ್ಲಿಷು ಶಬ್ದಗಳನ್ನು ಕಲಿಯುವವನ ಕೈಯಲ್ಲಿ ಸ್ಪಾನರೋ ಅರವೋ ಇರುವುದು ಮೇಲೆಂಬುದಕ್ಕೆ ಇಷ್ಟು ಆಧಾರ ಸಾಕು.

ನಿವೃತ್ತರಾದ ಮೇಲೆ ನಾವು ಆ ಕಡೆಯ ಒಂದು ಕಸಬಿನ ಶಾಲೆಗೆ ಹೋಗಿ ಕೆಲವು ದಿನ ಹಿಂದಿನ ಬೆಂಚಿನಲ್ಲಿ ಕುಳಿತುದುಂಟು. ಉಪಾಧ್ಯಾಯರು ಸಜ್ಜನರು, ಶ್ರಮಜೀವಿಗಳು. ಹಲಗೆಯ ಮೇಲೆ ಇಪ್ಪತ್ತು ಶಬ್ದಗಳನ್ನು ಅರ್ಥಸಹಿತವಾಗಿ ಬರೆದರು, ಹುಡುಗರು ಒಂದೊಂದನ್ನೂ ಮೂರು ಸಾರಿ ನಕಲು ಮಾಡಿದರು, ಗಂಟೆ ಬಾರಿಸಿತು. ಮರುವಾರ ಕೇಳಿದಾಗ ‘ವ್ರೆಂಚ್’ ಎಂಬುದನ್ನು ಓದಲಾರದೆ ತಲೆ ತಗ್ಗಿಸಿ ನಿಂತ ಹುಡುಗನೇ, ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಜೊತೆಗಾರನು ‘ಆ ಪೈಪ್ ವ್ರೆಂಚ್ ಕೊಡು ಮಾರಾಯಾ’ ಎಂದೊಡನೆ ಹತ್ತು ಸಲಕರಣೆಗಳ ನಡುವಿನಿಂದ ಅದನ್ನು ಎತ್ತಿಕೊಟ್ಟನು. ಶಬ್ದವು ಅವನಲ್ಲಿ ಇದ್ದೇ ಇದ್ದಿತು. ಕಿವಿಯಲ್ಲಿದ್ದಿತು, ಕೈಯಲ್ಲಿದ್ದಿತು; ಕಣ್ಣಿಗೆ ಮಾತ್ರ ಅದರ ಪರಿಚಯವಿರಲಿಲ್ಲ.

ಈ ಸಂಗತಿಯನ್ನು ನಮ್ಮ ಶಾಲೆಗಳು ಸಾಕಷ್ಟು ಗಮನಿಸಿಲ್ಲ. ಬೈಕಂಪಾಡಿಯ ಹುಡುಗನು ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುತ್ತಾನೆ, ಶಾಲೆಯಲ್ಲಿ ಕನ್ನಡವನ್ನು ಓದುತ್ತಾನೆ, ಪೇಟೆಯಲ್ಲಿ ಹಿಂದಿಯನ್ನು ಕಲಿಯುತ್ತಾನೆ. ಇಷ್ಟು ಭಾಷೆಗಳನ್ನು ಹೊತ್ತ ಮಿದುಳನ್ನು ಮಂದವೆನ್ನುವ ಧೈರ್ಯ ನಮಗಿಲ್ಲ. ಅಲ್ಲದೆ ಮೀನುಗಾರಿಕೆಯ ದೋಣಿಗೆ ಇಂಜಿನು ಬಂದಂದಿನಿಂದ ಗೇರು, ವಾಲ್ವು, ಬೇರಿಂಗು, ಗ್ಯಾಸ್ಕೆಟ್ಟು, ನಟ್ಟು, ಬೋಲ್ಟು ಇವೆಲ್ಲ ಕಡಲತಡಿಯ ಮನೆಮಾತುಗಳಾಗಿವೆ. ಕೊನೆಗೊಂದು ಉಕಾರವನ್ನು ಸೇರಿಸಿಕೊಂಡು ಅವು ನಮ್ಮವೇ ಆಗಿಬಿಟ್ಟಿರುವುದರಿಂದ ಉಪಾಧ್ಯಾಯರಿಗೂ ಹುಡುಗರಿಗೂ ಅವು ಇಂಗ್ಲಿಷೆಂದೇ ತೋರುವುದಿಲ್ಲ. ಹೊಸ ತಿಳಿವು ಹಳೆಯ ತಿಳಿವಿನ ಕೊಕ್ಕೆಗೆ ಸಿಕ್ಕಿಕೊಂಡಾಗ ಚೆನ್ನಾಗಿ ನಿಲ್ಲುವುದೆಂಬುದು ಮನಃಶಾಸ್ತ್ರದ ದೃಢವಾದ ಸಿದ್ಧಾಂತ. ಹುಡುಗನ ಬಾಯಲ್ಲಿರುವ ಇಂಥ ಶಬ್ದಗಳನ್ನು ಮೊದಲು ಪಟ್ಟಿಮಾಡಿ, ಅವುಗಳಿಗೆ ಅಕ್ಷರರೂಪವನ್ನು ಕೊಡುವುದರಿಂದಲೇ ಪಾಠವು ಆರಂಭವಾಗತಕ್ಕದ್ದು. ತನಗೆ ಇಷ್ಟು ಇಂಗ್ಲಿಷು ಬರುತ್ತದೆಂದು ತಿಳಿದ ಹುಡುಗನ ಮುಖವನ್ನು ನೋಡಬೇಕು!

ಅಕ್ಷರದ ಮಾತು ಬಂದುದರಿಂದ ಒಂದು ಸಣ್ಣ ವಿಷಯ. ಓದಲು ಕಲಿತವರ ಮಿದುಳಿನ ಎಡಪಾರ್ಶ್ವದ ಹಿಂಬದಿಯಲ್ಲಿ ಅಕ್ಷರಗಳನ್ನು ಗುರುತಿಸುವುದಕ್ಕೆ ಒಂದು ನಿಯತ ಸ್ಥಾನವು ಸಿದ್ಧವಾಗುವುದೆಂದು ಫ್ರೆಂಚ್ ವಿದ್ವಾಂಸರಾದ ಕೊಹೆನ್, ಡೆಹೇನ್ ಎಂಬವರು ತೋರಿಸಿದ್ದಾರೆ. ಹುಟ್ಟಿನಿಂದ ಈ ಸ್ಥಾನವಿರುವುದು ವಸ್ತುಗಳನ್ನು ಗುರುತಿಸುವುದಕ್ಕೆ; ಬಟ್ಟಲಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಬಟ್ಟಲು ಬಟ್ಟಲೇ. ಆದುದರಿಂದ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ‘ಬಿ’, ‘ಡಿ’ ಎಂಬ ಸಣ್ಣಕ್ಷರಗಳನ್ನು ಹುಡುಗನು ಅದಲುಬದಲಾಗಿ ಓದಿದರೆ ಅದು ಸೋಮಾರಿತನವಲ್ಲ, ಹಳೆಯ ಅಭ್ಯಾಸ. ಇನ್ನೊಂದು ಸೋಜಿಗ: ಪುಸ್ತಕದಲ್ಲಿ ಸಣ್ಣಕ್ಷರಗಳನ್ನು ಓದಿಸುತ್ತೇವೆ, ಕಾರ್ಖಾನೆಯ ಎಚ್ಚರಿಕೆಯ ಹಲಗೆಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಎರಡನ್ನೂ ಒಂದೇ ಚೀಟಿಯ ಎರಡು ಮಗ್ಗುಲುಗಳಲ್ಲಿ ಬರೆದು ತೋರಿಸುವುದಕ್ಕೆ ಖರ್ಚೇನು?

ಇನ್ನು ಮರೆವಿನ ವಿಚಾರ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುವುದೆಂದು ಅಳೆದು 1885ರಲ್ಲಿ ಪ್ರಕಟಿಸಿದನು. ಒಂದು ದಿನ ಕಳೆಯುವುದರೊಳಗಾಗಿ ಪಟ್ಟ ಶ್ರಮದ ಮೂರರಲ್ಲೊಂದು ಪಾಲಿನಷ್ಟೇ ಫಲ ಉಳಿಯುತ್ತಿತ್ತು. ಕಲಿಕೆಯನ್ನು ದಿನಗಳ ಅಂತರದಿಂದ ಹಂಚಿಕೊಂಡಾಗ ಕಡಿಮೆ ಶ್ರಮದಿಂದ ಹೆಚ್ಚು ಉಳಿಯಿತು. ಹಾಗಾದರೆ ಆ ದಿನಗಳಲ್ಲಿ ಮಾಡತಕ್ಕದ್ದೇನು? ಮತ್ತೆ ಮತ್ತೆ ಓದುವುದೆ? ಅಮೆರಿಕೆಯ ರೋಡಿಗರ್, ಕಾರ್ಪಿಕಿ ಎಂಬವರು 2006ರಲ್ಲಿ ಇದನ್ನು ಪರೀಕ್ಷಿಸಿದರು. ಪಾಠವನ್ನು ಪುನಃ ಓದಿದವರು ಐದು ನಿಮಿಷಗಳ ಬಳಿಕ ಮುಂದಿದ್ದರು. ಪುಸ್ತಕವನ್ನು ಮುಚ್ಚಿ ನೆನಪಿನಿಂದಲೇ ಬರೆಯಲು ಯತ್ನಿಸಿದವರು ವಾರದ ಬಳಿಕ ಅವರನ್ನು ಹಿಂದೆ ಹಾಕಿದರು. ನೆನಪಿನಿಂದ ಎಳೆದು ತೆಗೆಯುವ ಶ್ರಮವೇ ನೆನಪನ್ನು ಗಟ್ಟಿಗೊಳಿಸುತ್ತದೆ. ನಕಲು ಮಾಡುವವನ ಕಣ್ಣು ಹಲಗೆಯ ಮೇಲೆ, ಕೈ ಪುಸ್ತಕದ ಮೇಲೆ. ನೆನಪಿಗೆ ಅಲ್ಲಿ ಕೆಲಸವೇ ಇಲ್ಲ.

ನಮ್ಮ ಪಾಠಶಾಲೆಗಳಲ್ಲಿ ಇದು ಹೊಸ ಮಾತಲ್ಲ. ವೇದಾಧ್ಯಯನದಲ್ಲಿ ಪದ, ಕ್ರಮ, ಜಟೆ, ಘನ ಎಂದು ಅದೇ ಶಬ್ದಗಳನ್ನು ಹಿಂದುಮುಂದಾಗಿ ಹೆಣೆದು ಪುಸ್ತಕವಿಲ್ಲದೆ ಹೇಳಿಸುವ ಪದ್ಧತಿ ಎಲ್ಲರಿಗೂ ತಿಳಿದುದೇ. 2016ರಲ್ಲಿ ಹಾರ್ಟ್‌ಝೆಲ್ ಮತ್ತು ಅವರ ಸಂಗಡಿಗರು 21 ಮಂದಿ ಯಜುರ್ವೇದ ಪಂಡಿತರ ಮಿದುಳಿನ ಚಿತ್ರಗಳನ್ನು ಅಷ್ಟೇ ಮಂದಿ ಇತರರ ಚಿತ್ರಗಳೊಡನೆ ಹೋಲಿಸಿ, ಭಾಷೆ ಮತ್ತು ನೆನಪಿಗೆ ಸಂಬಂಧಪಟ್ಟ ಹಲವು ಭಾಗಗಳು ಪಂಡಿತರಲ್ಲಿ ಹೆಚ್ಚು ಪುಷ್ಟವಾಗಿವೆಯೆಂದು ವರದಿ ಮಾಡಿದರು. ಅಧ್ಯಯನದಿಂದಲೇ ಹಾಗಾಯಿತೆಂದು ಅಷ್ಟರಿಂದ ಸಾಧಿಸಿದಂತಾಗುವುದಿಲ್ಲ. ನಮ್ಮವರು ಇಂಥ ಸುದ್ದಿ ಬಂದೊಡನೆ ಡಂಗುರ ಹೊಡೆಯುವುದು ನಮಗೆ ಸೇರದು. ಅರ್ಥವಿಲ್ಲದ ಕಂಠಪಾಠವನ್ನು ಕಸಬಿನ ಶಾಲೆಗೆ ತರಬೇಕೆಂದೂ ನಾವು ಹೇಳುವವರಲ್ಲ. ಪುಸ್ತಕವನ್ನು ಮುಚ್ಚಿ ಕೇಳುವ ಆ ಒಂದು ಕ್ರಮವನ್ನು ಮಾತ್ರ ತರೋಣ. ಇಪ್ಪತ್ತು ಶಬ್ದಗಳ ಬದಲು ದಿನಕ್ಕೆ ನಾಲ್ಕೈದು ಸಾಕು. ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿರಬಲ್ಲ ಹೊಸ ತುಣುಕುಗಳು ಸುಮಾರು ನಾಲ್ಕೆಂದು ಕೋವನ್ ಎಂಬವರು 2001ರಲ್ಲಿ ವಾದಿಸಿದರು. ಇಂದು ಕಲಿತ ನಾಲ್ಕನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಕೇಳಬೇಕು.

ಕೇಳುವುದೆಂದರೆ ಗದರಿಸುವುದೆಂದು ಅರ್ಥವಲ್ಲ. ಹೆದರಿದಾಗ ದೇಹದಲ್ಲಿ ಸ್ರವಿಸುವ ರಸಗಳು ನೆನಪನ್ನು ಹೊರತೆಗೆಯುವ ಕೆಲಸಕ್ಕೇ ಅಡ್ಡಬರುತ್ತವೆ. ಬಲ್ಲ ಉತ್ತರವೂ ಎದ್ದು ನಿಂತಾಗ ಹಾರಿಹೋಗುವುದನ್ನು ಎಲ್ಲರೂ ಬಲ್ಲರು. ಹದಿನೈದು ಹದಿನಾರರ ಪ್ರಾಯದಲ್ಲಿ ಗೆಳೆಯರ ನಗೆಯು ಬೆತ್ತಕ್ಕಿಂತ ಹೆಚ್ಚು ನೋಯಿಸುತ್ತದೆ. ಆದುದರಿಂದ ಉತ್ತರವನ್ನು ಚೀಟಿಯಲ್ಲಿ ಬರೆಯಿಸಿ, ಅಂಕ ಕೊಡದೆ, ಅವನೇ ತಿದ್ದಿಕೊಳ್ಳುವಂತೆ ಮಾಡುವುದು ವಿವೇಕ.

ಮಿದುಳಿನ ಹೆಸರಿನಲ್ಲಿ ಮಾರಾಟವಾಗುವ ಸರಕು ಕೂಡ ಈಗ ಬಹಳ. ಬಲಮಿದುಳಿನ ಮಗು, ಎಡಮಿದುಳಿನ ಮಗು ಎಂಬ ವಿಭಾಗ, ನಾವು ಮಿದುಳಿನ ಹತ್ತರಲ್ಲೊಂದು ಪಾಲನ್ನೇ ಬಳಸುತ್ತೇವೆಂಬ ಮಾತು ಇವು ಸುಳ್ಳು. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ಮಕ್ಕಳನ್ನು ಬೇರ್ಪಡಿಸಿ ಕಲಿಸಿದರೆ ಪ್ರಯೋಜನವಾಗುವುದೆಂಬುದಕ್ಕೂ 2008ರಲ್ಲಿ ಪ್ರಮಾಣಗಳನ್ನೆಲ್ಲ ಪರಿಶೀಲಿಸಿದ ವಿದ್ವಾಂಸರಿಗೆ ಆಧಾರ ಸಿಕ್ಕಲಿಲ್ಲ. ಹಣ ಕೇಳಿ ಬರುವವರಿಗೆ ಬಾಗಿಲಿನಿಂದಲೇ ನಮಸ್ಕಾರ ಹೇಳಬಹುದು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಂಗ್ಲಿಷನ್ನು ಕಲಿಸುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಸುವುದು ಬೇರೆ. ವಿದ್ಯುತ್ತು ಹೇಗೆ ಹರಿಯುತ್ತದೆ, ಬೆಸುಗೆಯು ಏಕೆ ಬಿರಿಯುತ್ತದೆ ಎಂಬುದನ್ನು ಹುಡುಗನಿಗೆ ಅವನು ಬಲ್ಲ ಭಾಷೆಯಲ್ಲಿಯೇ ತಿಳಿಸತಕ್ಕದ್ದು. ತಿಳಿದ ವಿಷಯದ ಮೇಲೆ ಇಂಗ್ಲಿಷಿನ ಹೆಸರನ್ನು ಅಂಟಿಸುವುದು ಸುಲಭ. ತಿಳಿಯದ ವಿಷಯವನ್ನು ತಿಳಿಯದ ಭಾಷೆಯಲ್ಲಿ ಹೇಳಿದರೆ ಎರಡೂ ಹೋದವು. ಕಸಬುದಾರನಿಗೆ ಇಂಗ್ಲಿಷೇ ಬೇಡವೆನ್ನುವವರನ್ನೂ ನಾವು ಒಪ್ಪೆವು. ಅಪಾಯವನ್ನು ಸಾರುವ ಹಲಗೆಯನ್ನು ಓದಲಾರದವನ ಪಾಲಿಗೆ ಆ ಹಲಗೆ ಇದ್ದೂ ಇಲ್ಲದಂತೆ. 2003ರಲ್ಲಿ ವಿಶ್ವಸಂಸ್ಥೆಯು ಪ್ರಕಟಿಸಿದ ಪದ್ಧತಿಯಂತೆ ಅಪಾಯಕರ ರಾಸಾಯನಿಕಗಳ ಪೀಪಾಯಿಗಳ ಮೇಲೆ ಕೆಂಪು ಚೌಕಟ್ಟಿನೊಳಗೆ ಜ್ವಾಲೆಯ ಚಿತ್ರವೋ ತಲೆಬುರುಡೆಯ ಚಿತ್ರವೋ ಇರುತ್ತದೆ; ಇದು ಉಪಕಾರವೇ. ಆದರೆ ಮೈಮೇಲೆ ಚೆಲ್ಲಿದರೆ ಏನು ಮಾಡಬೇಕೆಂಬುದು ಚಿತ್ರದ ಕೆಳಗಿನ ಸಣ್ಣಕ್ಷರಗಳಲ್ಲಿರುತ್ತದೆ.

ಮನೆಯವರು ಮಾಡಬಹುದಾದುದು ಶಾಲೆಯದಕ್ಕಿಂತ ಕಡಿಮೆಯಲ್ಲ. ಅದಕ್ಕೆ ಅವರಿಗೆ ಇಂಗ್ಲಿಷು ಬರಬೇಕೆಂದೂ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ ‘ಇವತ್ತಿನ ನಾಲ್ಕು ಶಬ್ದ ಹೇಳು ಮಗಾ, ಪುಸ್ತಕ ಬೇಡ’ ಎಂದು ತಾಯಿಯು ಕೇಳಿದರೆ ಸಾಕು. ಅವನು ಅರ್ಥವನ್ನು ತುಳುವಿನಲ್ಲಿ ಹೇಳಲಿ, ಕೈಯಿಂದ ಅಭಿನಯಿಸಿ ತೋರಿಸಲಿ. ಹಗಲಿನಲ್ಲಿ ಕಲಿತುದನ್ನು ಮಿದುಳು ನಿದ್ರೆಯಲ್ಲಿ ಭದ್ರಪಡಿಸಿಕೊಳ್ಳುತ್ತದೆಂಬುದು ಈಗ ಬಹುಸಮ್ಮತವಾದುದರಿಂದ, ನಡುರಾತ್ರಿಯವರೆಗೆ ಮೊಬೈಲನ್ನು ನೋಡಿ ಮಲಗುವವನಿಗೆ ಬೆಳಗಿನ ಪಾಠವೂ ದಕ್ಕದು, ನಿನ್ನೆಯದೂ ದಕ್ಕದು.

ಮನೆಯೊಳಗೂ ಓದತಕ್ಕದ್ದು ಬೇಕಾದಷ್ಟಿದೆ. ಅಡಿಗೆಮನೆಯ ಅನಿಲದ ಸಿಲಿಂಡರನ್ನೇ ನೋಡಿರಿ. ಅದರ ಕೊರಳಿನ ಬಳಿಯ ಪಟ್ಟಿಯ ಒಳಮಗ್ಗುಲಲ್ಲಿ ಒಂದು ಇಂಗ್ಲಿಷು ಅಕ್ಷರವೂ ಎರಡು ಅಂಕೆಗಳೂ ಇರುತ್ತವೆ. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಬಿ’ ಎಂದರೆ ಏಪ್ರಿಲಿನಿಂದ ಜೂನ್, ‘ಸಿ’ ಎಂದರೆ ಜುಲೈಯಿಂದ ಸೆಪ್ಟೆಂಬರ್, ‘ಡಿ’ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅಂಕೆಗಳು ಇಸವಿಯನ್ನು ಹೇಳುತ್ತವೆ. ಸಿಲಿಂಡರನ್ನು ಮುಂದಿನ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು ಅದು. ಗಡುವು ಮೀರಿದುದನ್ನು ಮನೆಯೊಳಗೆ ತೆಗೆದುಕೊಳ್ಳಬಾರದು. ಸಿಲಿಂಡರು ಬಂದ ದಿನ ಅದನ್ನು ಓದಿ, ತೆಗೆದುಕೊಳ್ಳಬಹುದೋ ಹಿಂದಿರುಗಿಸಬೇಕೋ ಎಂದು ತೀರ್ಮಾನಿಸುವ ಕೆಲಸವನ್ನು ಕಸಬಿನ ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಒಪ್ಪಿಸಿರಿ.